ಹೊಟ್ಟೆಯ ನೀರಿಗೆ ಆಪರೇಷನ್ ಮಾಡಿಸಿದರೆ ಮುಂದೇನು?

ಪ್ರಶ್ನೆ: ನಮ್ಮ ತಂದೆಗೆ 56 ವರ್ಷ. ಹೊಳಲ್ಕೆರೆ ತಾಲ್ಲೂಕಿನಲ್ಲಿ ಅಡಿಕೆ ತೋಟ ನೋಡಿಕೊಂಡಿದ್ದರು. ಕುಡಿತದಿಂದ ಲಿವರ್ ಸಿರೋಸಿಸ್ ಆಗಿದೆ. ಐದು ತಿಂಗಳಿಂದ ಒಂದು ಹನಿಯೂ ಮುಟ್ಟಿಲ್ಲ, ಆದರೂ ಹೊಟ್ಟೆಯಲ್ಲಿ ನೀರು ತುಂಬುವುದು ನಿಂತಿಲ್ಲ. ವಾರಕ್ಕೊಮ್ಮೆ ದಾವಣಗೆರೆಗೆ ಕರೆತಂದು 8 ಲೀಟರ್ ತೆಗೆಸುತ್ತೇವೆ. ಪ್ರತಿ ಸಲ ಒಂದು ಬಾಟಲಿ ಆಲ್ಬುಮಿನ್ ಹಾಕಿಸುತ್ತೇವೆ, ಅದಕ್ಕಿಂತ ಹೆಚ್ಚು ನಮ್ಮ ಕೈಲಿ ಆಗುತ್ತಿಲ್ಲ. ನೀರು ಹೋಗುವ ಮಾತ್ರೆ ಹೆಚ್ಚಿಸಿದರೆ ಕಿಡ್ನಿಯ ಸ್ಥಿತಿ ತೋರುವ ಕ್ರಿಯಾಟಿನಿನ್ ಏರುತ್ತದೆ. ಹೋದ ತಿಂಗಳು ಮಲಬದ್ಧತೆಯಾಗಿ ಒಂದು ರಾತ್ರಿ ಏನೇನೋ ಮಾತಾಡಿದರು, ಸಿರಪ್ ಕೊಟ್ಟ ಮೇಲೆ ಸರಿಹೋದರು. ಹೊಕ್ಕುಳು ಉಬ್ಬಿದೆ. ನೀರು ತೆಗೆದ ಮೇಲೆ ತೂಕ 58 ಕೆ.ಜಿ. ಬಿಲಿರುಬಿನ್ 2.1, ಸೋಡಿಯಂ 129, ಕ್ರಿಯಾಟಿನಿನ್ 1.3, ಐಎನ್‌ಆರ್ 1.5, ಪ್ಲೇಟ್‌ಲೆಟ್ 82 ಸಾವಿರ. ನಮ್ಮ ಸೋದರಮಾವ, ‘ಒಳಗೊಂದು ಪೈಪ್ ಇಡಿಸಿಬಿಡಿ, ನೀರು ತಾನಾಗಿ ಹರಿದು ಹೋಗುತ್ತೆ, ನಮ್ಮೂರಲ್ಲೊಂದು ಮಗುವಿಗೆ ಹಾಕಿದ್ದಾರೆ, ಚೆನ್ನಾಗಿದೆ’ ಎನ್ನುತ್ತಾರೆ. ಇನ್ನೊಬ್ಬರು ಕುತ್ತಿಗೆಯಿಂದ ಸ್ಟೆಂಟ್ ಹಾಕುತ್ತಾರೆ ಎಂದರು. ಪದೇ ಪದೇ ತೆಗೆಸಿದರೆ ನೀರು ಇನ್ನೂ ಬೇಗ ತುಂಬುತ್ತದೆ ಎಂದು ಹೆದರಿಸುವವರೂ ಇದ್ದಾರೆ. ಆಪರೇಷನ್ ಮಾಡಿಸಿದರೆ ಎಷ್ಟು ವರ್ಷ ಚೆನ್ನಾಗಿರುತ್ತಾರೆ? ನನಗೆ 29, ಬೇಕಾದರೆ ನನ್ನ ಲಿವರ್ ಕೊಡಲು ಸಿದ್ಧ.

ಉತ್ತರ: ವಾರ ವಾರವೂ ಅಪ್ಪನನ್ನು ಕಾರಿನಲ್ಲಿ ಕೂರಿಸಿಕೊಂಡು ಬಂದು, ಸೂಜಿ ಚುಚ್ಚಿಸಿ, ಮತ್ತೆ ಏಳು ದಿನಕ್ಕೆ ಅದೇ ಹೊಟ್ಟೆ ನೋಡುವುದು ಎಷ್ಟು ಕಷ್ಟ ಎಂಬುದು ಇಂಥ ಮನೆಗಳವರನ್ನು ದಿನವೂ ನೋಡುವ ನಮಗೆ ಗೊತ್ತು. ‘ಒಂದೇ ಸಲ ಏನಾದರೂ ಮಾಡಿ ಮುಗಿಸಿಬಿಡಿ’ ಎಂದು ಅನ್ನಿಸುವುದು ಸಹಜ. ಆದರೆ ನಿಮ್ಮ ಪತ್ರದಲ್ಲಿ ನನ್ನ ಕಣ್ಣು ಮೊದಲು ನಿಂತದ್ದು ಪೈಪಿನ ಮೇಲಲ್ಲ, ‘ವಾರಕ್ಕೊಮ್ಮೆ 8 ಲೀಟರ್’ ಎಂಬ ಲೆಕ್ಕದ ಮೇಲೆ. ಯಾವುದೇ ಆಪರೇಷನ್ನಿಗೆ ಮೊದಲು ಸರಿಪಡಿಸಬಹುದಾದದ್ದು ಇನ್ನೂ ಉಳಿದಿದೆ ಎಂದು ಆ ಲೆಕ್ಕ ಹೇಳುತ್ತಿದೆ.

ನೀರು ಎಲ್ಲಿಂದ ಬರುತ್ತದೆ ಎಂಬುದನ್ನು ಮೊದಲು ನೋಡೋಣ. ಕರುಳಿನ ರಕ್ತವೆಲ್ಲ ಪೋರ್ಟಲ್ ರಕ್ತನಾಳದ ಮೂಲಕ ಲಿವರ್‌ಗೆ ಹೋಗಬೇಕು. ಸಿರೋಸಿಸ್‌ನಲ್ಲಿ ಲಿವರ್ ತುಂಬ ಗಾಯದ ಕಲೆ ಕಟ್ಟಿ ಗಟ್ಟಿಯಾಗಿರುವುದರಿಂದ ಆ ನಾಳದಲ್ಲಿ ಒತ್ತಡ ಏರುತ್ತದೆ, ಕರುಳಿನ ಸುತ್ತಲ ರಕ್ತನಾಳಗಳು ಹಿಗ್ಗಿ ರಕ್ತ ಅಲ್ಲೇ ತಂಗುತ್ತದೆ. ಕಿಡ್ನಿಗೆ ‘ದೇಹದಲ್ಲಿ ರಕ್ತ ಸಾಲದು’ ಎಂಬ ತಪ್ಪು ಸಂದೇಶ ಹೋಗಿ ಅದು ಉಪ್ಪನ್ನು ಬಿಗಿಯಾಗಿ ಹಿಡಿದಿಟ್ಟುಕೊಳ್ಳುತ್ತದೆ. ಉಪ್ಪು ಇದ್ದಲ್ಲಿ ನೀರು ನಿಲ್ಲುತ್ತದೆ, ಒತ್ತಡ ಹೆಚ್ಚಿರುವ ಕಡೆ ಹೊರಕ್ಕೆ ಜಿನುಗಿ ಹೊಟ್ಟೆಯ ಚೀಲ ಸೇರುತ್ತದೆ. ಹೀಗೆ ನೀರಿನ ಹಿಂದೆ ಉಪ್ಪಿದೆ, ಉಪ್ಪಿನ ಹಿಂದೆ ಒತ್ತಡವಿದೆ, ಒತ್ತಡದ ಹಿಂದೆ ಲಿವರ್ ಇದೆ. ಯಾವ ಚಿಕಿತ್ಸೆ ಇದರಲ್ಲಿ ಎಷ್ಟು ಆಳಕ್ಕೆ ಇಳಿಯುತ್ತದೋ ಅದರ ಫಲವೂ ಅಷ್ಟು ಕಾಲ ನಿಲ್ಲುತ್ತದೆ.

8 ಲೀಟರಿನ ಲೆಕ್ಕ

ಹೊಟ್ಟೆಯಿಂದ ತೆಗೆಯುವ ಒಂದು ಲೀಟರ್ ನೀರಿನಲ್ಲಿ ಸುಮಾರು ಏಳೂವರೆ ಗ್ರಾಂ ಅಡುಗೆ ಉಪ್ಪಿನಷ್ಟು ಸೋಡಿಯಂ ಇರುತ್ತದೆ. 8 ಲೀಟರಿಗೆ ಹತ್ತಿರ ಹತ್ತಿರ 60 ಗ್ರಾಂ. ಅದನ್ನು ಏಳು ದಿನಕ್ಕೆ ಹಂಚಿ, ಬೆವರು ಮತ್ತು ಮಲದಲ್ಲಿ ಹೋಗುವ ಚೂರುಪಾರು ಸೇರಿಸಿ. ನಿಮ್ಮ ತಂದೆಯವರ ದೇಹಕ್ಕೆ ದಿನಕ್ಕೆ ಕನಿಷ್ಠ 9 ಗ್ರಾಂ ಉಪ್ಪು ಹೋಗುತ್ತಿದೆ. ಅವರಿಗೆ ಹೇಳಿರಬೇಕಾದ ಮಿತಿ ದಿನಕ್ಕೆ 5 ಗ್ರಾಂ, ಅಂದರೆ ಎಲ್ಲ ಸೇರಿ ಒಂದು ಟೀ ಚಮಚ. ಆ ಮಿತಿಯಲ್ಲಿದ್ದು, ಮೂತ್ರದಲ್ಲಿ ಸೋಡಿಯಂ ಒಂದಿಷ್ಟೂ ಹೋಗದಿದ್ದರೂ 8 ಲೀಟರ್ ತುಂಬಲು ಎರಡು ವಾರ ಬೇಕು.

ಮನೆಯವರು ಬೇಕೆಂದು ಉಪ್ಪು ಹಾಕುತ್ತಿದ್ದಾರೆ ಎಂದು ನಾನು ಹೇಳುತ್ತಿಲ್ಲ. ಸಾರಿಗೆ ಉಪ್ಪು ಕಡಿಮೆ ಮಾಡಿದ ಮನೆಯಲ್ಲೇ ಬೇರೆ ಬಾಗಿಲಿನಿಂದ ಉಪ್ಪು ಬರುತ್ತಿರುತ್ತದೆ. ನಮ್ಮ ಕಡೆ ಮೊದಲ ಅನುಮಾನ ಮಂಡಕ್ಕಿಯ ಮೇಲೆ. ಹಗುರ ತಿಂಡಿ ಎಂದು ಸಂಜೆ ಕೊಡುತ್ತಾರೆ, ಆದರೆ ಭಟ್ಟಿಯಲ್ಲೇ ಅದಕ್ಕೆ ಉಪ್ಪು ಸೇರಿರುತ್ತದೆ. ಜೊತೆಗೆ ಮೆಣಸಿನಕಾಯಿ ಬಜ್ಜಿ ಇದ್ದರೆ ಹಿಟ್ಟಿನ ಉಪ್ಪಿನ ಮೇಲೆ ಅಡುಗೆ ಸೋಡಾ, ಅದೂ ಸೋಡಿಯಂ. ಗಂಜಿಗೆ ನಂಚಿಕೊಳ್ಳುವ ಉಪ್ಪಿನಕಾಯಿ, ರೊಟ್ಟಿಯ ಜೊತೆಯ ಚಟ್ನಿಪುಡಿ, ಹಪ್ಪಳ, ಸಂಡಿಗೆ, ಬೇಕರಿಯ ಬ್ರೆಡ್ಡು, ಖಾರ, ಗ್ಯಾಸ್ ಎಂದು ಕುಡಿಯುವ ಬುರುಗು ಬರುವ ಪುಡಿ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಸೈಂಧವ ಲವಣವೂ ಉಪ್ಪೇ. ‘ಕಡಿಮೆ ಸೋಡಿಯಂ’ ಎಂದು ಮಾರುವ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ. ನೀರು ಹೋಗಲೆಂದು ಸ್ಪೈರೊನೊಲ್ಯಾಕ್ಟೋನ್ ಮಾತ್ರೆ ನುಂಗುವವರಿಗೆ, ಅದರಲ್ಲೂ ಕ್ರಿಯಾಟಿನಿನ್ ಏರಿರುವವರಿಗೆ ಅದು ಹೃದಯದ ಬಡಿತ ಕೆಡಿಸುವಷ್ಟು ಅಪಾಯಕಾರಿ. ಇನ್ನೊಂದು, ಸುಸ್ತು ಎಂದು ಊರಿನ ಕ್ಲಿನಿಕ್ಕಿನಲ್ಲಿ ಹಾಕಿಸುವ ಡ್ರಿಪ್. 500 ಎಂ.ಎಲ್.ನ ಒಂದು ನಾರ್ಮಲ್ ಸಲೈನ್ ಬಾಟಲಿಯಲ್ಲಿ 4.5 ಗ್ರಾಂ ಉಪ್ಪಿದೆ. ಇಡೀ ದಿನದ ಪಾಲು ಅರ್ಧ ಗಂಟೆಯಲ್ಲಿ ರಕ್ತಕ್ಕೆ ಹೋಯಿತು ಎಂದೇ ಅರ್ಥ.

ಎರಡನೆಯದು ಆಲ್ಬುಮಿನ್, ರಕ್ತನಾಳದೊಳಗೆ ನೀರನ್ನು ಹಿಡಿದಿಡುವ ಪ್ರೋಟೀನ್. 5 ಲೀಟರಿಗಿಂತ ಹೆಚ್ಚು ತೆಗೆದಾಗ ಪ್ರತಿ ಲೀಟರಿಗೆ 6ರಿಂದ 8 ಗ್ರಾಂ ಕೊಡಬೇಕೆಂಬುದು ನಿಯಮ. ಶೇ 20ರ 100 ಎಂ.ಎಲ್. ಬಾಟಲಿಯಲ್ಲಿ ಇರುವುದು 20 ಗ್ರಾಂ. 8 ಲೀಟರಿಗೆ ಮೂರು ಬಾಟಲಿ ಬೇಕಾದ ಕಡೆ ನಿಮ್ಮ ತಂದೆಗೆ ಒಂದು ಸಿಗುತ್ತಿದೆ. ಹೀಗಾದಾಗ ನೀರು ತೆಗೆದ ಮೇಲೆ ರಕ್ತನಾಳದೊಳಗಿನ ರಕ್ತದ ಪ್ರಮಾಣ ಕುಸಿಯುತ್ತದೆ, ಕಿಡ್ನಿ ಇನ್ನಷ್ಟು ಗಾಬರಿಬಿದ್ದು ಉಪ್ಪನ್ನೂ ಅದಕ್ಕಿಂತ ಹೆಚ್ಚು ನೀರನ್ನೂ ಹಿಡಿಯುತ್ತದೆ, ಹಾಗಾಗಿ ರಕ್ತದಲ್ಲಿ ಸೋಡಿಯಂ ಅಂಶ ಇಳಿಯುತ್ತದೆ, ಕ್ರಿಯಾಟಿನಿನ್ ಏರುತ್ತದೆ, ನೀರು ಬೇಗ ಮರಳುತ್ತದೆ. ‘ತೆಗೆಸಿದಷ್ಟೂ ಬೇಗ ತುಂಬುತ್ತದೆ’ ಎಂಬ ಮಾತಿನಲ್ಲಿ ನಿಜವಿರುವುದು ಇಷ್ಟೇ. ತೆಗೆಯುವುದು ತಪ್ಪಲ್ಲ, ಸಾಕಷ್ಟು ಆಲ್ಬುಮಿನ್ ಇಲ್ಲದೆ ತೆಗೆಯುವುದು ತಪ್ಪು. ಕೈಯಲ್ಲಿರುವುದು ಒಂದೇ ಬಾಟಲಿಯಾದರೆ ಒಂದು ಸಲಕ್ಕೆ 8 ಲೀಟರ್ ಬೇಡ. ಉಸಿರಾಟ ಹಗುರವಾಗುವಷ್ಟು, 4ರಿಂದ 5 ಲೀಟರ್ ತೆಗೆಸಿ ಆ ಬಾಟಲಿ ಹಾಕಿಸಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡ್ ಇದ್ದರೆ ದಾವಣಗೆರೆಯ ಚಿಗಟೇರಿ ಜಿಲ್ಲಾಸ್ಪತ್ರೆಯಲ್ಲಿ ಒಳರೋಗಿಯಾಗಿ ಮಾಡಿಸಿಕೊಳ್ಳಲು ಸಾಧ್ಯವೇ ಎಂದು ಆರೋಗ್ಯಮಿತ್ರರನ್ನು ಕೇಳಿ.

ಮೂರನೆಯದು ಕಾಲ. ಕುಡಿತ ಬಿಟ್ಟ ಲಿವರ್ ಸುಧಾರಿಸಲು ತಿಂಗಳುಗಳು ಬೇಕು. ಒಂದು ವರ್ಷದವರೆಗೂ ಚೇತರಿಕೆ ಮುಂದುವರಿಯಬಹುದು, ಕೆಲವರಲ್ಲಿ ನೀರು ತುಂಬುವುದು ಪೂರ್ತಿ ನಿಂತೂ ಬಿಡುತ್ತದೆ. ನಿಮ್ಮ ತಂದೆ ಇನ್ನೂ ಐದನೇ ತಿಂಗಳಲ್ಲಿದ್ದಾರೆ. ಈ ಅವಧಿಯಲ್ಲಿ ಅವರಿಗೆ ಬೇಕಾದದ್ದು ಪ್ರೋಟೀನ್. 58 ಕೆ.ಜಿ. ತೂಕಕ್ಕೆ ದಿನಕ್ಕೆ 70ರಿಂದ 85 ಗ್ರಾಂ. ‘ಲಿವರ್ ಕಾಯಿಲೆಗೆ ಬೇಳೆ, ಮೊಟ್ಟೆ ಕೊಡಬಾರದು’ ಎಂಬ ಹಳೆಯ ಪಥ್ಯ ಸ್ನಾಯು ಕರಗಿಸಿ, ಆ ರಾತ್ರಿ ಅವರು ಏನೇನೋ ಮಾತಾಡಿದಂಥ ಗೊಂದಲದ ಕಾಯಿಲೆಯನ್ನೇ ಹೆಚ್ಚಿಸುತ್ತದೆ. ಬೇಳೆ, ಮೊಸರು, ಹಾಲು, ಮೊಟ್ಟೆ ಎಲ್ಲವನ್ನೂ ಕೊಡಿ. ಮಲಗುವ ಮುಂಚೆ ಒಂದು ಸಣ್ಣ ಊಟ ಕೊಡಿ, ರಾತ್ರಿಯಿಡೀ ಉಪವಾಸ ಬೀಳಿಸಬೇಡಿ.

ಇದರ ಜೊತೆಗೆ, ಇಷ್ಟು ವೇಗವಾಗಿ ನೀರು ತುಂಬುವವರಲ್ಲಿ ಬೇರೆ ಕಾರಣ ಅಡಗಿದೆಯೇ ಎಂದು ಒಮ್ಮೆ ನೋಡಲೇಬೇಕು. ರಕ್ತದ ಹರಿವು ತೋರಿಸುವ ಡಾಪ್ಲರ್ ಸ್ಕ್ಯಾನಿನಲ್ಲಿ ಪೋರ್ಟಲ್ ನಾಳದಲ್ಲಿ ಹೆಪ್ಪುಗಟ್ಟಿದೆಯೇ, ಲಿವರ್‌ನಲ್ಲಿ ಗಡ್ಡೆ ಬಂದಿದೆಯೇ ಎಂದು ತಿಳಿಯುತ್ತದೆ. ಸೋಂಕು ಅಥವಾ ಟಿ.ಬಿ.ಯ ಸುಳಿವಿದೆಯೇ ಎಂಬುದಕ್ಕೆ ಹೊಟ್ಟೆಯ ನೀರನ್ನೇ ಪರೀಕ್ಷೆ ಮಾಡಿಸಬೇಕು. ಪ್ರತಿ ಸಲ ತೆಗೆದ ನೀರನ್ನು ಜೀವಕೋಶ ಎಣಿಕೆಗೆ ಕಳಿಸಿ. ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣ ಒಂದು ಘನ ಮಿ.ಮೀ.ಗೆ 250 ದಾಟಿದ್ದರೆ ಜ್ವರ, ನೋವು ಇಲ್ಲದಿದ್ದರೂ ಅದು ಸೋಂಕೇ, ಅಂದೇ ಆಂಟಿಬಯಾಟಿಕ್ ಶುರುವಾಗಬೇಕು. ಮೈಕೈ ನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ಮಾತ್ರೆ–ಇಂಜೆಕ್ಷನ್ ಪೂರ್ತಿ ನಿಷಿದ್ಧ, ಕಿಡ್ನಿ ಕೆಡಿಸುವುದರಲ್ಲಿ ಅವಕ್ಕೆ ಮೊದಲ ಸ್ಥಾನ. ಪ್ಯಾರಾಸಿಟಮಾಲ್ ದಿನಕ್ಕೆ 2 ಗ್ರಾಂ ಮೀರದಂತೆ ಕೊಡಬಹುದು.

ಮಾವ ಹೇಳಿದ ಪೈಪು

ನಿಮ್ಮ ಮಾವ ನೋಡಿರುವ ಮಗುವಿಗೆ ಹಾಕಿರುವುದು ಬಹುಶಃ ತಲೆಯಲ್ಲಿ ತುಂಬುವ ನೀರನ್ನು ಹೊಟ್ಟೆಗೆ ಇಳಿಸುವ ಶಂಟ್. ಅದು ಬೇರೆಯದೇ ಕಾಯಿಲೆ. ಅಲ್ಲಿ ಹರಿಯುವುದು ತಿಳಿಯಾದ ದ್ರವ, ಅದನ್ನು ಹೀರಿಕೊಳ್ಳಲು ಹೊಟ್ಟೆ ಸಿದ್ಧವಾಗಿರುತ್ತದೆ. ಅಂಥ ಮಕ್ಕಳು ದಶಕಗಟ್ಟಲೆ ಚೆನ್ನಾಗಿರುವುದು ನಿಜ. ಆ ಫಲವನ್ನು ಇಲ್ಲಿಗೆ ತರಲು ಆಗುವುದಿಲ್ಲ.

ಹೊಟ್ಟೆಯ ನೀರಿಗೂ ಒಂದು ಪೈಪು ಇತ್ತು. 1974ರಲ್ಲಿ ಲೆವೀನ್ ಎಂಬ ಅಮೆರಿಕದ ಶಸ್ತ್ರಚಿಕಿತ್ಸಕರು ತಂದದ್ದು. ಹೊಟ್ಟೆಯಿಂದ ಚರ್ಮದಡಿ ಹಾದು ಕುತ್ತಿಗೆಯ ದೊಡ್ಡ ರಕ್ತನಾಳಕ್ಕೆ ಹೋಗುವ ನಳಿಕೆ, ನಡುವೆ ಒಂದೇ ದಿಕ್ಕಿಗೆ ತೆರೆಯುವ ಕವಾಟ. ಆಮೇಲೆ ಬಂದ ಡೆನ್ವರ್ ಶಂಟ್‌ನಲ್ಲಿ ಬೆರಳಿನಿಂದ ಒತ್ತುವ ಪುಟ್ಟ ಪಂಪೂ ಇತ್ತು. ಹಾಕಿದ ದಿನ ಫಲ ಕಣ್ಣಿಗೆ ಕಟ್ಟುವಂತಿರುತ್ತಿತ್ತು: ಮೂತ್ರ ಹರಿಯುತ್ತಿತ್ತು, ಹೊಟ್ಟೆ ಇಳಿಯುತ್ತಿತ್ತು. ತೊಂದರೆ ಆಮೇಲೆ. ಹೊಟ್ಟೆಯ ನೀರಿನಲ್ಲಿ ರಕ್ತ ಹೆಪ್ಪುಗಟ್ಟುವ ಕ್ರಿಯೆಯನ್ನು ಕೆದಕುವ ವಸ್ತುಗಳಿವೆ. ಅವು ಲೀಟರುಗಟ್ಟಲೆ ನೇರ ರಕ್ತಕ್ಕೆ ಸೇರಿದರೆ ಕೆಲವರಲ್ಲಿ ಹೆಪ್ಪುಗಟ್ಟುವ ವ್ಯವಸ್ಥೆಯೇ ಕುಸಿದು ಎಲ್ಲೆಂದರಲ್ಲಿ ರಕ್ತಸ್ರಾವ. ಸೋಂಕಿರುವ ನೀರಾದರೆ ರಕ್ತವೇ ನಂಜಾಗುತ್ತದೆ. ಒಮ್ಮೆಲೇ ದ್ರವ ನುಗ್ಗಿ ಹೃದಯ ಸೋಲಬಹುದು, ಅನ್ನನಾಳದ ಉಬ್ಬಿದ ರಕ್ತನಾಳ ಒಡೆಯಬಹುದು. ಇವೆಲ್ಲ ದಾಟಿದರೂ ನಳಿಕೆ ಕಟ್ಟಿಕೊಳ್ಳುತ್ತದೆ, ಮೊದಲ ವರ್ಷದಲ್ಲೇ ಹತ್ತರಲ್ಲಿ ನಾಲ್ಕು ಜನರಿಗೆ ಹೀಗಾಗುತ್ತಿತ್ತು. ಸೂಜಿಯಿಂದ ನೀರು ತೆಗೆದು ಆಲ್ಬುಮಿನ್ ಕೊಟ್ಟವರ ಜೊತೆ ಹೋಲಿಸಿ ನೋಡಿದಾಗ ಪೈಪು ಹಾಕಿಸಿಕೊಂಡವರು ಹೆಚ್ಚು ಕಾಲ ಬದುಕಲಿಲ್ಲ. ಹಾಗಾಗಿ ಸಿರೋಸಿಸ್‌ಗೆ ಅದನ್ನು ಈಗ ಬಹುತೇಕ ಕೈಬಿಟ್ಟಿದ್ದೇವೆ. ಅದರ ಕಲೆಗಳು ಮುಂದೆ ಲಿವರ್ ಕಸಿಯನ್ನೂ ಕಷ್ಟವಾಗಿಸುತ್ತವೆ. ನಿಮ್ಮ ತಂದೆಗೆ ಬೇಡ.

ಹೊಟ್ಟೆ ತೆರೆದು ಪೋರ್ಟಲ್ ನಾಳವನ್ನು ಪಕ್ಕದ ಮಹಾಸಿರೆಗೆ ಹೊಲಿಯುವ ಹಳೆಯ ಆಪರೇಷನ್ನೂ ಇದೆ. ನೀರು ಹೋಗುತ್ತದೆ. ಆದರೆ ಸೋತ ಲಿವರ್ ಇರುವವರಿಗೆ ಆ ದೊಡ್ಡ ಆಪರೇಷನ್ನೇ ಪ್ರಾಣಾಪಾಯ, ಉಳಿದವರಲ್ಲಿ ಗೊಂದಲ, ಮಂಪರು ಕಾಡುತ್ತದೆ. ಅದರ ಕಥೆ ಇಷ್ಟಕ್ಕೇ ಸಾಕು.

ಕುತ್ತಿಗೆಯಿಂದ ಹಾಕುವ ಸ್ಟೆಂಟ್

ಇದರ ಹೆಸರು ಟಿಪ್ಸ್. ಹೊಟ್ಟೆ ಕೊಯ್ಯುವುದಿಲ್ಲ. ಕುತ್ತಿಗೆಯ ರಕ್ತನಾಳದಿಂದ ತಂತಿ ಇಳಿಸಿ, ಲಿವರ್ ಒಳಗೇ ಪೋರ್ಟಲ್ ನಾಳಕ್ಕೂ ಲಿವರ್‌ನಿಂದ ಹೃದಯದ ಕಡೆ ಹೋಗುವ ನಾಳಕ್ಕೂ ನಡುವೆ 8ರಿಂದ 10 ಮಿ.ಮೀ. ಅಗಲದ ದಾರಿ ಕೊರೆದು ಸ್ಟೆಂಟ್ ಕೂರಿಸುತ್ತಾರೆ. ಮಾಡುವವರು ಇಂಟರ್ವೆನ್ಷನಲ್ ರೇಡಿಯಾಲಜಿಸ್ಟ್. ಇದು ಒತ್ತಡವನ್ನೇ ಇಳಿಸುವುದರಿಂದ ಪೈಪಿಗಿಂತ ಒಂದು ಮೆಟ್ಟಿಲು ಆಳದ ಚಿಕಿತ್ಸೆ.

ಮೊದಲಿನ ಬರಿಯ ಲೋಹದ ಸ್ಟೆಂಟ್‌ಗಳು ಒಂದೆರಡು ವರ್ಷದಲ್ಲಿ ಬಹುಪಾಲು ಕಿರಿದಾಗುತ್ತಿದ್ದವು. ಈಗಿನ ಹೊದಿಕೆಯುಳ್ಳ ಸ್ಟೆಂಟ್‌ಗಳು ಬಾಳುತ್ತವೆ. ಫ್ರಾನ್ಸ್‌ನಲ್ಲಿ ನಡೆದು 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಪದೇ ಪದೇ ನೀರು ತುಂಬುತ್ತಿದ್ದ 62 ಜನರಲ್ಲಿ ಕೆಲವರಿಗೆ ಇಂಥ ಸ್ಟೆಂಟ್ ಹಾಕಿ, ಉಳಿದವರಿಗೆ ನೀರು ತೆಗೆದು ಆಲ್ಬುಮಿನ್ ಕೊಡುತ್ತ ಹೋದರು. ಒಂದು ವರ್ಷದ ಕೊನೆಗೆ ಕಸಿಯಿಲ್ಲದೆ ಬದುಕಿದ್ದವರು ಸ್ಟೆಂಟ್ ಗುಂಪಿನಲ್ಲಿ ಶೇ 93, ಇನ್ನೊಂದರಲ್ಲಿ ಶೇ 52. ಇದನ್ನು ಓದಿ ಎಲ್ಲರೂ ಬೆಂಗಳೂರಿಗೆ ಓಡಬೇಕಾಗಿಲ್ಲ. ಅವರು ಆರಿಸಿ ತೆಗೆದ ರೋಗಿಗಳು. ಬಿಲಿರುಬಿನ್ 3ರ ಒಳಗೆ, ಪ್ಲೇಟ್‌ಲೆಟ್ 75 ಸಾವಿರದ ಮೇಲೆ ಇರುವವರಿಗೆ ಫಲ ಚೆನ್ನಾಗಿರುತ್ತದೆ. ಲಿವರ್ ಅದಕ್ಕಿಂತ ಸೋತಿದ್ದರೆ ಇರುವ ರಕ್ತವೂ ಪಕ್ಕದ ದಾರಿ ಹಿಡಿದು ಲಿವರ್ ಪೂರ್ತಿ ಕೈಕೊಡುವ ಅಪಾಯವಿದೆ.

ನಿಮ್ಮ ತಂದೆಯವರ ಸಂಖ್ಯೆಗಳು ಗೆರೆಯ ಒಳಗಿವೆ, ಆದರೆ ಗೆರೆಯ ಹತ್ತಿರವೇ ಇವೆ. ಬಿಲಿರುಬಿನ್, ಕ್ರಿಯಾಟಿನಿನ್ ಮತ್ತು ರಕ್ತ ಹೆಪ್ಪುಗಟ್ಟುವುದನ್ನು ಅಳೆಯುವ ಐಎನ್‌ಆರ್ ಸೇರಿಸಿ ಕಾಯಿಲೆಯ ತೀವ್ರತೆ ಎಣಿಸುವ ಮೆಲ್ಡ್ ಅಂಕ 16, ಟಿಪ್ಸ್‌ಗೆ 18ರ ಒಳಗಿದ್ದರೆ ಒಳ್ಳೆಯದು. ಒಮ್ಮೆ ಗೊಂದಲವಾಗಿತ್ತು ಎಂಬುದು ಅಡ್ಡಿಯಲ್ಲ, ಏಕೆಂದರೆ ಅದಕ್ಕೆ ಮಲಬದ್ಧತೆ ಎಂಬ ಕಾರಣವಿತ್ತು. ಕಾರಣವಿಲ್ಲದೆ ಮತ್ತೆ ಮತ್ತೆ ಬರುತ್ತಿದ್ದರೆ ಟಿಪ್ಸ್ ಬೇಡವೇ ಬೇಡ. ಹೃದಯದ ಎಕೋ ಕಡ್ಡಾಯ. ಸ್ಟೆಂಟ್ ತೆರೆದ ಕ್ಷಣ ಹೆಚ್ಚಿನ ರಕ್ತ ಹೃದಯಕ್ಕೆ ನುಗ್ಗುತ್ತದೆ, ವರ್ಷಗಟ್ಟಲೆ ಕುಡಿದ ಹೃದಯಕ್ಕೆ ಅದನ್ನು ತಾಳುವ ಶಕ್ತಿ ಇದೆಯೇ ಎಂದು ಮೊದಲೇ ನೋಡಬೇಕು.

ಹಾಕಿಸಿಕೊಂಡ ಮೇಲೆ ನೀರು ಮರುದಿನವೇ ಮಾಯವಾಗುವುದಿಲ್ಲ. ವಾರಗಳು, ಕೆಲವರಿಗೆ ತಿಂಗಳುಗಳೇ ಬೇಕು, ನಡುವೆ ಒಂದೆರಡು ಸಲ ತೆಗೆಸಬೇಕಾಗಬಹುದು, ಉಪ್ಪಿನ ಮಿತಿ ಹಾಗೇ ಮುಂದುವರಿಯುತ್ತದೆ. ಮೂವರಲ್ಲಿ ಒಬ್ಬರಿಗಾದರೂ ಗೊಂದಲ, ಹಗಲು ನಿದ್ದೆ, ಕೈ ನಡುಕದ ತೊಂದರೆ ಬರುತ್ತದೆ. ದಿನಕ್ಕೆ ಎರಡು ಮೂರು ಸಲ ಮೆತ್ತಗೆ ಮಲವಿಸರ್ಜನೆಯಾಗುವಂತೆ ಲ್ಯಾಕ್ಟುಲೋಸ್ ಸಿರಪ್ ಬಿಡಬಾರದು. ರಿಫಾಕ್ಸಿಮಿನ್ ಮಾತ್ರೆಯನ್ನು ಎರಡು ವಾರ ಮುಂಚೆಯೇ ಶುರು ಮಾಡಿದರೆ ಈ ತೊಂದರೆ ಕಡಿಮೆಯಾಗುತ್ತದೆ ಎಂಬುದಕ್ಕೆ ಒಳ್ಳೆಯ ಆಧಾರವಿದೆ. ತೀರಾ ಕಾಡಿದರೆ ಸ್ಟೆಂಟನ್ನು ಒಳಗಿನಿಂದ ಕಿರಿದು ಮಾಡಬಹುದು, ಆಗ ನೀರು ಮರಳಲೂಬಹುದು. ಆರು ತಿಂಗಳಿಗೊಮ್ಮೆ ಡಾಪ್ಲರ್ ಮಾಡಿಸುತ್ತಲೇ ಇರಬೇಕು. ಗೊಂದಲವಾದ ರಾತ್ರಿ ಗುರುತಿಸಿ ಆಸ್ಪತ್ರೆಗೆ ಕರೆತರುವವರು ಮನೆಯಲ್ಲಿ ಇಲ್ಲದಿದ್ದರೆ ನಾನು ಟಿಪ್ಸ್ ಸಲಹೆ ಮಾಡುವುದಿಲ್ಲ.

ಕಸಿ

ಲಿವರ್ ಬದಲಾದರೆ ಒತ್ತಡ, ಉಪ್ಪು, ನೀರು ಮೂರೂ ಹೋಗುತ್ತವೆ. ನೀವು ಕೇಳಿದ ‘ಎಷ್ಟು ವರ್ಷ’ ಎಂಬುದಕ್ಕೆ ಧೈರ್ಯವಾಗಿ ಉತ್ತರ ಹೇಳಬಹುದಾದ ಶಸ್ತ್ರಚಿಕಿತ್ಸೆ ಇದೊಂದೇ: ಒಳ್ಳೆಯ ಕೇಂದ್ರಗಳಲ್ಲಿ ಒಂದು ವರ್ಷ ದಾಟುವವರು ನೂರಕ್ಕೆ 85ರಿಂದ 90, ಐದು ವರ್ಷ ದಾಟುವವರು 70ರ ಮೇಲೆ. ಮಾತ್ರೆಗೆ ಬಗ್ಗದ ಹೊಟ್ಟೆಯ ನೀರು ಇದ್ದು ಕಸಿಯಾಗದಿದ್ದರೆ ಅರ್ಧದಷ್ಟು ಜನ ಒಂದು ವರ್ಷ ದಾಟುವುದಿಲ್ಲ. ಈ ಮಾತು ಬರೆಯಲು ನನಗೂ ಕಷ್ಟವೇ, ಆದರೆ ಇದನ್ನು ತಿಳಿಯದೆ ನೀವು ನಿರ್ಧಾರ ಮಾಡಬಾರದು.

ಕಸಿಯ ಬೆಲೆ ಹಣವೊಂದರಲ್ಲೇ ಮುಗಿಯುವುದಿಲ್ಲ. ಟ್ಯಾಕ್ರೋಲಿಮಸ್‌ನಂಥ ಮಾತ್ರೆ ಬದುಕಿರುವಷ್ಟು ಕಾಲ, ಅದೂ ಗಡಿಯಾರ ನೋಡಿ ನುಂಗಬೇಕು. ಒಂದು ವಾರ ಬಿಟ್ಟರೆ ದೇಹ ಹೊಸ ಲಿವರ್ ಅನ್ನು ತಿರಸ್ಕರಿಸಬಹುದು. ಚಕ್ಕೋತ ಹಣ್ಣು ಆ ಮಾತ್ರೆಯ ಪ್ರಮಾಣವನ್ನು ರಕ್ತದಲ್ಲಿ ಏರಿಸುತ್ತದೆ, ತಿನ್ನುವಂತಿಲ್ಲ. ವರ್ಷಗಳು ಕಳೆದಂತೆ ಸಕ್ಕರೆ ಕಾಯಿಲೆ, ಬಿ.ಪಿ., ಕಿಡ್ನಿ ತೊಂದರೆ, ಕೆಲವು ಬಗೆಯ ಕ್ಯಾನ್ಸರ್ ಹೆಚ್ಚುತ್ತವೆ. ಮತ್ತೆ ಕುಡಿದರೆ ಹೊಸ ಲಿವರ್‌ಗೂ ಅದೇ ಗತಿ. ಹೆಚ್ಚಿನ ಕೇಂದ್ರಗಳು ಆರು ತಿಂಗಳು ಕುಡಿಯದೇ ಇದ್ದುದನ್ನು ಕೇಳುತ್ತವೆ, ನಿಮ್ಮ ತಂದೆ ಅದರ ಹತ್ತಿರವಿದ್ದಾರೆ. ಸೋಡಿಯಂ ಸೇರಿಸಿ ಎಣಿಸಿದರೆ ಅವರ ಮೆಲ್ಡ್ ಅಂಕ 22–23 ಆಗುತ್ತದೆ, ಕಸಿಗೆ ಹೆಸರು ಹಚ್ಚಲು ಅಷ್ಟು ಸಾಕು. ಉಪ್ಪು, ಆಲ್ಬುಮಿನ್ ಸರಿಪಡಿಸುತ್ತಿರುವಾಗಲೇ ಬೆಂಗಳೂರಿನ ಒಂದು ಕಸಿ ಕೇಂದ್ರದಲ್ಲಿ ತೋರಿಸಿ. ಮೂರು ನಾಲ್ಕು ತಿಂಗಳಲ್ಲಿ ಲಿವರ್ ಸುಧಾರಿಸಿದರೆ ಹೆಸರು ಹಿಂದಕ್ಕೆ ಪಡೆಯಬಹುದು. ಕೆಟ್ಟ ಮೇಲೆ ಹೊರಟರೆ ಆಪರೇಷನ್ ತಾಳುವ ಮೈಯೇ ಉಳಿದಿರುವುದಿಲ್ಲ. ಮೃತ ದಾನಿಯ ಅಂಗಕ್ಕೆ ರಾಜ್ಯದ ಜೀವಸಾರ್ಥಕತೆ ಸಂಸ್ಥೆಯಲ್ಲಿ ನೋಂದಣಿ ಆಸ್ಪತ್ರೆಯ ಮೂಲಕವೇ ಆಗುತ್ತದೆ. ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಸರ್ಕಾರಿ ಗ್ಯಾಸ್ಟ್ರೋಎಂಟರಾಲಜಿ ಮತ್ತು ಅಂಗಾಂಗ ಕಸಿ ಸಂಸ್ಥೆ ಇದೆ. ಬಿಪಿಎಲ್ ಕುಟುಂಬಕ್ಕೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್‌ನ ಕಸಿ ನೆರವಿದೆ, ಅದನ್ನು ಮೊದಲ ಭೇಟಿಯಲ್ಲೇ ವಿಚಾರಿಸಿ.

ಹೊಕ್ಕುಳ ಹರ್ನಿಯಾವನ್ನು ಮಾತ್ರ ಈಗ ಹೊಲಿಸಲು ಹೋಗಬೇಡಿ. ನೀರು ತುಂಬುತ್ತಿರುವ ಹೊಟ್ಟೆಯಲ್ಲಿ ಹೊಲಿಗೆ ನಿಲ್ಲುವುದಿಲ್ಲ, ಗಾಯದಿಂದ ನೀರು ಸೋರಿ ಸೋಂಕಾಗುತ್ತದೆ. ಟಿಪ್ಸ್ ಆದ ಮೇಲೆ ಅಥವಾ ಕಸಿಯ ಜೊತೆಗೇ ಅದನ್ನು ಸರಿಪಡಿಸುತ್ತಾರೆ. ಅಲ್ಲಿಯವರೆಗೆ ಮೆತ್ತನೆಯ ಬೆಲ್ಟ್ ಸಾಕು. ನೀರು ತೆಗೆಯುವಾಗ ಹೊಟ್ಟೆ ಇಳಿಯುತ್ತಿದ್ದಂತೆ ಕರುಳು ಆ ರಂಧ್ರದಲ್ಲಿ ಸಿಕ್ಕಿಕೊಳ್ಳುವುದುಂಟು, ಆದ್ದರಿಂದ ಉಬ್ಬನ್ನು ಒಳಕ್ಕೆ ತಳ್ಳಿ ಹಿಡಿದಿರಲು ಹೇಳಿ. ಮೇಲಿನ ಚರ್ಮ ಹೊಳೆಯುತ್ತ ತೆಳುವಾದರೆ, ಕಪ್ಪಾದರೆ, ನೀರು ಜಿನುಗಿದರೆ, ಉಬ್ಬು ಗಟ್ಟಿಯಾಗಿ ನೋವು–ವಾಂತಿ ಬಂದರೆ ಬೆಳಗಾಗಲಿ ಎಂದು ಕಾಯಬೇಡಿ. ಒಡೆದೇ ಹೋದರೆ ಅಂಗಾತ ಮಲಗಿಸಿ, ಸ್ವಚ್ಛ ಬಟ್ಟೆ ಮುಚ್ಚಿ ಆಸ್ಪತ್ರೆಗೆ ತನ್ನಿ. ಜ್ವರ, ಕಪ್ಪು ಮಲ, ರಕ್ತವಾಂತಿ, ಮೂತ್ರ ಕಡಿಮೆಯಾಗುವುದು, ಮಾತು ತಪ್ಪುವುದು ಇವಕ್ಕೂ ಹಾಗೆಯೇ.

ನೀವು ದಾನಿಯಾಗುವ ವಿಚಾರ. ಮಕ್ಕಳು ಕಾನೂನಿನ ಪ್ರಕಾರ ಹತ್ತಿರದ ಸಂಬಂಧಿಗಳೇ, ಅಡ್ಡಿಯಿಲ್ಲ. ರಕ್ತದ ಗುಂಪು ಹೊಂದಬೇಕು, ನಿಮ್ಮ ಲಿವರ್‌ನಲ್ಲಿ ಕೊಬ್ಬು ಇರಬಾರದು. ಕೊಡುವ ಭಾಗ ತಂದೆಯವರ ತೂಕದ ಶೇ 0.8ರಷ್ಟು, ಅಂದರೆ ಸುಮಾರು 465 ಗ್ರಾಂ ಆದರೂ ಇರಬೇಕು. ನಿಮ್ಮಲ್ಲಿ ಕನಿಷ್ಠ ಶೇ 30–35ರಷ್ಟು ಉಳಿಯಬೇಕು. ಸಿ.ಟಿ. ಸ್ಕ್ಯಾನಿನಲ್ಲಿ ಇದನ್ನು ಅಳೆಯುತ್ತಾರೆ. ಉಳಿದದ್ದು ಎರಡು ಮೂರು ತಿಂಗಳಲ್ಲಿ ಬಹುಪಾಲು ಬೆಳೆದುಕೊಳ್ಳುತ್ತದೆ. ವಾರ ಹತ್ತು ದಿನ ಆಸ್ಪತ್ರೆ, ಮೂರು ತಿಂಗಳು ತೋಟದ ಭಾರದ ಕೆಲಸವಿಲ್ಲ. ಪಿತ್ತ ಸೋರುವುದು, ಸೋಂಕು, ಹರ್ನಿಯಾ ಆಗಬಹುದು. ದಾನಿಯ ಸಾವು ಅಪರೂಪ, ಸಾವಿರಕ್ಕೆ ಒಂದರಿಂದ ಐದರವರೆಗೆ ಹೇಳುತ್ತಾರೆ, ಆದರೆ ಸೊನ್ನೆಯಲ್ಲ. ಕೊಬ್ಬಿನ ಲಿವರ್ ಎಂದು ಬಂದರೆ ನಿರಾಶರಾಗಬೇಡಿ, ಎರಡು ಮೂರು ತಿಂಗಳು ತೂಕ ಇಳಿಸಿ ಮತ್ತೆ ತೋರಿಸಿದವರು ದಾನಿಗಳಾಗಿದ್ದಾರೆ. ತಪಾಸಣೆಯ ಯಾವ ಹಂತದಲ್ಲಾದರೂ ನೀವು ಬೇಡ ಎನ್ನಬಹುದು. ವೈದ್ಯರು ಅದನ್ನು ಮನೆಯವರಿಗೆ ‘ಹೊಂದಲಿಲ್ಲ’ ಎಂದಷ್ಟೇ ತಿಳಿಸುತ್ತಾರೆ. ಮದುವೆಯಾಗಿದ್ದರೆ ಮೊದಲ ಭೇಟಿಗೇ ಹೆಂಡತಿಯನ್ನೂ ಕರೆದುಕೊಂಡು ಹೋಗಿ, ಅವರ ಪ್ರಶ್ನೆಗಳಿಗೂ ಅಲ್ಲೇ ಉತ್ತರ ಸಿಗಲಿ.